ಹಳದಿ ಚೀಲಕ್ಕೆ ಹೋದ ಮುಡಿ

ಕುಮಾರಿ ಸಿಸ್ಟರ್ ಬಾಯಿ ತೆರೆದರೆ ಸಾಕು, ಮಾತ್ರೆ ತಾನೇ ನಡೆದು ಹೋಗಿ ರೋಗಿಯ ಗಂಟಲಿಗೆ ಇಳಿಯುತ್ತದೆ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಚಾಮರಾಜನಗರದಲ್ಲಿ ಒಂದು ಟ್ರಸ್ಟಿನವರು ನಡೆಸುವ ಸಣ್ಣ ಆಸ್ಪತ್ರೆ ಅದು. ಮೇಲಿನ ಮಹಡಿಯಲ್ಲಿ ಹನ್ನೆರಡು ಹಾಸಿಗೆಯ ಮನೋರೋಗ ವಾರ್ಡು. ಕುಮಾರಿ ಉಮ್ಮತ್ತೂರಿನವಳು, ದಿನಾ ಬಸ್ಸಿನಲ್ಲಿ ಬಂದು ಹೋಗಿ ಆ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ಸವೆಸಿದ್ದಳು. ಅವಳಿಗೆ ಇನ್ನೊಂದು ವಿದ್ಯೆಯೂ ಇತ್ತು. ಯಾರ ದನಿಯನ್ನಾದರೂ ಒಂದು ಸಲ ಕಿವಿಗೆ ಹಾಕಿಕೊಂಡರೆ ಹಾಗೇ ಆಡಿ ತೋರಿಸುತ್ತಿದ್ದಳು. ಡಾಕ್ಟರ್ ಸೋಮಶೇಖರ್ ಒಂದೊಂದು ಮಾತಿಗೂ ಗಂಟಲು ಸರಿಮಾಡಿಕೊಳ್ಳುವುದು, ವಾರ್ಡಿನ ಸಹಾಯಕ ಮಲ್ಲೇಶ ಫೋನಿನಲ್ಲಿ ಹೆಂಡತಿಯ ಹತ್ತಿರ ಮೆತ್ತಗಾಗುವುದು, ಊಟದ ಗಾಡಿ ತಳ್ಳುವ ಮುದುಕಿ ಗೊಣಗುವುದು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಕ್ಯಾಂಟೀನಿನಲ್ಲಿ ಕುಮಾರಿ ಇಲ್ಲದ ದಿನ ಟೀ ಸಪ್ಪೆ ಎನ್ನುತ್ತಿದ್ದರು.

ಆ ಬಾಯಿಯ ಮೇಲೆ ಅವಳಿಗೂ ಸಣ್ಣ ಹೆಮ್ಮೆಯಿತ್ತು. ಈಗ ಇಲ್ಲ.

ಮಾಘ ಮಾಸದಲ್ಲಿ ಗುಂಡ್ಲುಪೇಟೆಯಿಂದ ಚಿಕ್ಕಮಲ್ಲಮ್ಮ ಎಂಬ ಹೆಂಗಸನ್ನು ಅಣ್ಣ ರಾಜಣ್ಣ ಕರೆತಂದು ಸೇರಿಸಿದ. ಮೂವತ್ತಾರು ವಯಸ್ಸು. ಗಂಡ ಬಿಟ್ಟು ಎಂಟು ವರ್ಷವಾಗಿತ್ತು, ಅಣ್ಣನ ಮನೆಯಲ್ಲೇ ಇದ್ದಳು, ಚೆಂಡು ಹೂವಿನ ತೋಟಗಳಲ್ಲಿ ಹೂ ಬಿಡಿಸುವ ಕೆಲಸ. ತಲೆಯೊಳಗೆ ನಾಲ್ಕೈದು ಜನ ಕೂತು ಬೈಯುತ್ತಾರೆ ಎನ್ನುತ್ತಿದ್ದಳು. ಅವರಿಂದ ತಪ್ಪಿಸಿಕೊಳ್ಳಲು ಮೂರು ದಿನ ನಡೆದೂ ನಡೆದೂ ಗುಂಡ್ಲುಪೇಟೆಯ ಆಚೆಯ ಮದ್ದೂರಿನ ಕಾಡಂಚಿಗೆ ಹೋಗಿ ಕುಳಿತಿದ್ದವಳನ್ನು ಅರಣ್ಯದ ಕಾವಲುಗಾರರು ಹಿಡಿದು ಮನೆಗೆ ತಲುಪಿಸಿದ್ದರು.

ಅವಳ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಏಳು ವರ್ಷದಿಂದ ಕತ್ತರಿ ಸೋಕಿಸಿರಲಿಲ್ಲವಂತೆ. ಈಚಿನ ತಿಂಗಳುಗಳಲ್ಲಿ ಬಾಚಣಿಗೆಯೂ ಸೋಕದೆ ಅರ್ಧ ಕೂದಲು ಗಂಟುಗಟ್ಟಿ ಹಗ್ಗವಾಗಿತ್ತು. ತುಂಬ ಹೇನು. ಯಾರಾದರೂ ಹತ್ತಿರ ಹೋದರೆ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಗೋಡೆಗೆ ಅಂಟಿಬಿಡುತ್ತಿದ್ದಳು.

"ಮುಟ್ಬ್ಯಾಡಿ. ಇದು ನಂದಲ್ಲ, ಮಾದಪ್ಪಂದು. ತಲ ಒಳಗಿನ ಗದ್ದಲ ನಿಂತ್ರ ಅವ್ನ ಬೆಟ್ಟಕ್ಕ ಓಗಿ ಮುಡಿ ಕೊಡ್ತೀನಿ ಅಂತ ಹರಕೆ ಹೇಳ್ಕಂಡಿವ್ನಿ."

ನಾಲ್ಕನೆಯ ದಿನಕ್ಕೆ ಪಕ್ಕದ ಹಾಸಿಗೆಯವಳು ತಲೆ ಕೆರೆಯತೊಡಗಿದಳು. ಐದನೆಯ ದಿನ ಕುಮಾರಿಗೇ ಕಿವಿಯ ಹಿಂದೆ ಏನೋ ಹರಿದಂತಾಯಿತು. ಅವಳು ಮಲ್ಲೇಶನನ್ನು ಕರೆದು, ಆಪರೇಷನ್ನಿಗೆ ಮೊದಲು ರೋಗಿಗಳ ಕೂದಲು ತೆಗೆಯುವ ಮಿಷನ್ನು ತರಲು ಹೇಳಿದಳು.

ಮುಬಶ್ಶಿರಾ ಅಡ್ಡ ಬಂದಳು. ಅವಳು ವಾರ್ಡಿಗೆ ಹೊಸಬಳು, ಸೇರಿ ಐದು ತಿಂಗಳು. ಊರಿನಲ್ಲೇ ರೇಷ್ಮೆ ನೂಲಿನ ವ್ಯಾಪಾರ ಮಾಡುವ ಹಿದಾಯತ್ ಉಲ್ಲಾ ಅವರ ಮಗಳು. ಮಾತು ಕಡಿಮೆ, ಓದು ಜಾಸ್ತಿ.

"ಸಿಸ್ಟರ್, ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಬಿಡಿಸಿ ಬರೆದಿದ್ದಾರೆ. ಒಪ್ಪಿಗೆ ಇಲ್ಲದೆ ರೋಗಿಯ ತಲೆ ಬೋಳಿಸೋ ಹಾಗಿಲ್ಲ."

"ಅಯ್ಯೋ ನಿನ್ನ! ಹೇನಿಗೆ ಕಾಯ್ದೆ ಓದ್ಕಂಡು ಬಂದೀಯಲ್ಲ ಕಣಮ್ಮಿ!"

"ಲೋಷನ್ ಹಾಕೋಣ. ದಿನಾ ಸ್ವಲ್ಪ ಸ್ವಲ್ಪ ಬಿಡಿಸೋಣ. ನಾನು ಕೂತ್ಕೋತೀನಿ. ಒಂದು ವಾರ ಕೊಡಿ, ಅವರೇ ಒಪ್ತಾರೆ."

"ವಾರದಲ್ಲಿ ಇಡೀ ವಾರ್ಡು ಹೇನಾಗ್ತದೆ. ಈಗ ಏನು, ಬಲವಂತ ಮಾಡಬಾರ್ದು ತಾನೆ? ನಾನೇನು ಕೈಕಾಲು ಕಟ್ತೀನಾ? ಒಪ್ಪಿಸ್ತೀನಿ ನೋಡು."

ಕುಮಾರಿ ಒಪ್ಪಿಸಿದ್ದು ಹೀಗೆ. ಮಲ್ಲೇಶನ ಹಣೆಗೆ ವಿಭೂತಿ ಬಳಿದಳು. ಹೆಗಲಿಗೆ ಕೆಂಪು ವಸ್ತ್ರ ಹೊದಿಸಿದಳು. ಔಷಧಿ ಗಾಡಿಗೆ ಹಾಸುವ ಬಟ್ಟೆ ಅದು.

"ಅಕ್ಕೋ, ಮಾದಪ್ಪನ ಹೆಸ್ರಲ್ಲಿ ಬ್ಯಾಡ ಕಣಕ್ಕ," ಎಂದ ಮಲ್ಲೇಶ. "ನಾನು ವರ್ಸವರ್ಸ ಕಾಲ್ನಡಿಗೇಲಿ ಬೆಟ್ಟ ಹತ್ತೋನು. ನನ್ ಕೈಲಿ ಇದ ಮಾಡಿಸ್ಬ್ಯಾಡ."

"ಸುಮ್ನಿರ್ಲಾ. ಪುಣ್ಯದ ಕೆಲ್ಸ. ಅವ್ಳ ತಲೆ ಹಗುರ ಆದ್ರೆ ಮಾದಪ್ಪ ಬ್ಯಾಡ ಅಂತಾನಾ?"

ಆಮೇಲೆ ಅವಳು ಚಿಕ್ಕಮಲ್ಲಮ್ಮನ ಪಕ್ಕ ಹಾಸಿಗೆಯ ಮೇಲೆ ಕುಳಿತು, ಅವಳ ಮೊಣಕಾಲಿನ ಮೇಲೆ ಕೈಯಿಟ್ಟು, ತನ್ನ ಅಕ್ಕತಂಗಿಯರ ಹತ್ತಿರ ಮಾತಾಡುವ ಹಾಗೆ ಮಾತಾಡಿದಳು. "ನೋಡವ್ವ, ಬೆಟ್ಟದಿಂದ ಹೇಳಿ ಕಳ್ಸವ್ರೆ. ಮಲ್ಲಮ್ಮ ಮೊದ್ಲು ಮುಡಿ ಕೊಟ್ಬುಡ್ಲಿ, ಗದ್ದಲ ಆಮೇಲೆ ನಾನೇ ನಿಲ್ಲಿಸ್ತೀನಿ ಅಂದವ್ನಂತೆ ಮಾದಪ್ಪ. ಇಗೋ, ಮುಡಿ ತೆಗೆಯಕ್ಕೇ ಅಂತ ಬಂದವ್ರೆ ಇವ್ರು."

ಐದು ದಿನ ಗೋಡೆ ನೋಡುತ್ತಲೇ ಕಳೆದಿದ್ದ ಚಿಕ್ಕಮಲ್ಲಮ್ಮನಿಗೆ ಮಲ್ಲೇಶನ ಗುರುತು ಹತ್ತಲಿಲ್ಲ. ಅವನ ಹಣೆಯ ವಿಭೂತಿಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯ ಮೇಲಿದ್ದ ಕೈಗಳನ್ನು ತಾನಾಗಿಯೇ ಇಳಿಸಿದಳು. ಎದ್ದು ಮುಖ ತೊಳೆದುಕೊಂಡು ಬಂದು, ಪೂರ್ವ ಯಾವ ಕಡೆ ಎಂದು ಕೇಳಿ, ಅತ್ತ ತಿರುಗಿ ನೆಲದ ಮೇಲೆ ಕುಳಿತಳು.

ಮಿಷನ್ನು ಗುರ್ರೆಂದಿತು. ಕುಮಾರಿ "ಉಘೇ ಉಘೇ!" ಎಂದಳು. ಹನ್ನೆರಡು ಹಾಸಿಗೆಯಲ್ಲಿ ಒಂಬತ್ತು ಮಂದಿ ದನಿಗೂಡಿಸಿದರು. ತಿಂಗಳಿಂದ ಬಾಯಿ ಬಿಡದೆ ಮಲಗಿದ್ದ ಮುದುಕಿಯೊಬ್ಬಳು ಕೂಡ ಎದ್ದು ಕುಳಿತು ಕೈಮುಗಿದಳು. ಬಾಗಿಲ ಬಳಿ ನಿಂತಿದ್ದ ಮುಬಶ್ಶಿರಾ ಮಾತ್ರ ಕೆಳಗೆ ನೋಡುತ್ತಿದ್ದಳು. ಕೂದಲು ನೆಲದ ಮೇಲೆ ದೊಡ್ಡ ಗುಡ್ಡೆಯಾಯಿತು. ಚಿಕ್ಕಮಲ್ಲಮ್ಮ ನುಣ್ಣನೆಯ ತಲೆ ಸವರಿಕೊಂಡು ಕುಮಾರಿಯ ಕಾಲು ಮುಟ್ಟಲು ಬಗ್ಗಿದಳು.

"ಅಕ್ಕ, ನನ್ ಮುಡಿ ಜೋಪಾನ. ಬೆಟ್ಟಕ್ಕ ಸೇರಸ್ಬೇಕು."

"ಸೇರಿಸ್ತೀನಿ ಕಣವ್ವ, ಸೇರಿಸ್ದೆ ಇರ್ತೀನಾ?"

ಅದು ಹೇನು ತುಂಬಿದ ಕೂದಲು. ಕೈಗವಸು ಹಾಕಿಕೊಂಡು ಮಲ್ಲೇಶ ಅದನ್ನು ಬಾಚಿ ಹಳದಿ ಚೀಲಕ್ಕೆ ತುಂಬಿದ. ರಕ್ತದ ಹತ್ತಿ, ಗಾಯದ ಬಟ್ಟೆ ಹಾಕುವ ಚೀಲ ಅದು. ದಿನಾ ಬೆಳಿಗ್ಗೆ ಗಾಡಿ ಬಂದು ಸುಡಲು ತೆಗೆದುಕೊಂಡು ಹೋಗುತ್ತದೆ. ಮಾರನೆಯ ದಿನ ಇದನ್ನೂ ತೆಗೆದುಕೊಂಡು ಹೋಯಿತು.

ಬೋಳಿಸಿದ ದಿನವೇ ಸಂಜೆ ರೋಗಿಯ ಕಡತದಲ್ಲಿ ಬರೆಯಬೇಕಿತ್ತು. "ರೋಗಿಯ ಕೋರಿಕೆಯ ಮೇರೆಗೆ ಕೂದಲು ತೆಗೆಯಲಾಯಿತು ಅಂತ ಬರಿ," ಎಂದಳು ಕುಮಾರಿ.

ಮುಬಶ್ಶಿರಾ ಪೆನ್ನಿನ ಮುಚ್ಚಳ ಹಾಕಿದಳು. "ಕೋರಿಕೆ ಅಲ್ವಲ್ಲ ಸಿಸ್ಟರ್. ಸುಳ್ಳು ಹೇಳಿ ಪಡೆದಿದ್ದು ಒಪ್ಪಿಗೆಯೂ ಅಲ್ಲ. ನಾನು ಬರೆಯಲ್ಲ."

"ಬರಿಬ್ಯಾಡ ಬುಡು, ಮಾರಾಯ್ತಿ," ಎಂದು ಕುಮಾರಿ ತಾನೇ ಬರೆದು, ದುಂಡಗೆ ಸಹಿ ಹಾಕಿದಳು. ಮಾರನೆಯ ದಿನ ಡಾಕ್ಟರ್ ಸೋಮಶೇಖರ್ ಗಂಟಲು ಸರಿಮಾಡಿಕೊಂಡು ಆ ಪುಟ ತಿರುಗಿಸಿ ಮುಂದೆ ಹೋದರು.

ಕ್ಯಾಂಟೀನಿನಲ್ಲಿ ಕುಮಾರಿ ಇಡೀ ಪ್ರಸಂಗವನ್ನು ಆಡಿ ತೋರಿಸಿದಳು. ಪೂರ್ವ ಯಾವ ಕಡೆ ಎಂದು ಕೇಳುವ ಚಿಕ್ಕಮಲ್ಲಮ್ಮನ ಸಣ್ಣ ದನಿ ಅವಳ ಬಾಯಲ್ಲಿ ಎಷ್ಟು ಸರಿಯಾಗಿ ಬಂತೆಂದರೆ ಎಕ್ಸ್‌ರೇ ಕೋಣೆಯವನು ಟೀ ಉಗುಳಿಕೊಂಡ. ಮುಂದಿನ ವಾರ ಉಮ್ಮತ್ತೂರಿನಲ್ಲಿ ನೆಂಟರ ಮದುವೆ. ಊಟದ ಪಂಕ್ತಿ ಎದ್ದ ಮೇಲೆ ಹೆಂಗಸರು ಕೂತು ಎಲೆ ಅಡಿಕೆ ಹಾಕುವಾಗ ಅಲ್ಲಿಯೂ ಆಡಿದಳು. ಹೆಸರು ಹೇಳಲಿಲ್ಲ. ಹೆಸರು ಹೇಳಬಾರದು ಎಂಬುದು ಅವಳಿಗೂ ಗೊತ್ತಿತ್ತು. ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದಳು.

ಔಷಧಿ ಕೆಲಸ ಮಾಡಿತು. ಆರು ವಾರದಲ್ಲಿ ಚಿಕ್ಕಮಲ್ಲಮ್ಮ ಬೇರೆ ಮನುಷ್ಯಳಾದಳು. ಬೇರೆಯವರ ತಟ್ಟೆ ತೊಳೆದಿಡುವಳು, ಪಕ್ಕದವಳ ಜಡೆ ಹೆಣೆಯುವಳು. ಬಿಡುಗಡೆಯ ದಿನ ರಾಜಣ್ಣ ಕೆಳಗೆ ಕಾಗದಗಳಿಗೆ ಸಹಿ ಹಾಕುತ್ತಿದ್ದಾಗ ಅವಳು ಕುಮಾರಿಯ ಹತ್ತಿರ ಬಂದು ಸೆರಗಿನ ಒಂದು ತುದಿ ಚಾಚಿದಳು.

"ಅಕ್ಕ, ಮುಡಿ ಕೊಡಿ. ಅಣ್ಣನ ಜೊತ ಓಗಿ ಬೆಟ್ಟದಲ್ಲಿ ಬುಟ್ಟು ಬತ್ತೀನಿ."

ಕುಮಾರಿಗೆ ಒಂದು ಕ್ಷಣ ಏನೆಂದೇ ತಿಳಿಯಲಿಲ್ಲ. ಅವಳು ಅದನ್ನು ಮರೆತೇ ಬಿಟ್ಟಿದ್ದಳು. ಆದರೆ ಬಾಯಿ ಮರೆತಿರಲಿಲ್ಲ, ಅದು ತನ್ನಷ್ಟಕ್ಕೆ ಕೆಲಸ ಶುರುಮಾಡಿತು. "ಅಯ್ಯೋ, ಅವತ್ತೇ ಕಳಿಸ್ಬುಟ್ನಲ್ಲವ್ವ. ಅಮಾಸೆಗೆ ನಮ್ಮ ಆಂಬ್ಯುಲೆನ್ಸ್ ಡ್ರೈವರು ಮಾದೇಶ ಬೆಟ್ಟಕ್ಕೆ ಹೋಯ್ತಿದ್ದ, ಅವ್ನ ಕೈಲಿ ಕೊಟ್ಟು ಕಳಿಸ್ದೆ. ಸೇರೈತೆ."

ಚಿಕ್ಕಮಲ್ಲಮ್ಮನ ಮುಖ ಅರಳಿತು. "ಅದಕ್ಕೇಯ," ಎಂದಳು. "ಅದಕ್ಕೇಯ ಕಣಕ್ಕ ಗದ್ದಲ ನಿಂತಿದ್ದು. ನಾನು ಅಂದ್ಕತಿದ್ದೆ."

ಕುಮಾರಿ ಮಾತ್ರೆಯ ಪಟ್ಟಿಗಳನ್ನು ಅವಳ ಕೈಗಿಟ್ಟು, ಬೆಳಿಗ್ಗೆ ಒಂದು, ಮಲಗುವ ಮುಂಚೆ ಎರಡು, ತಿಂಗಳು ತುಂಬುವುದರೊಳಗೆ ಬಂದು ಡಾಕ್ಟರಿಗೆ ತೋರಿಸಬೇಕು ಎಂದಳು. ಚಿಕ್ಕಮಲ್ಲಮ್ಮ ಎಲ್ಲಕ್ಕೂ ತಲೆಯಾಡಿಸಿದಳು.

ತಿಂಗಳು ತುಂಬಿತು, ಬರಲಿಲ್ಲ. ಎರಡನೆಯ ತಿಂಗಳೂ ಬರಲಿಲ್ಲ. ಬಾರದವರಿಗೆ ಫೋನು ಮಾಡುವುದು ಕುಮಾರಿಯ ಕೆಲಸ. ರಾಜಣ್ಣನ ನಂಬರಿಗೆ ಮಾಡಿದರೆ ಅವನ ಹೆಂಡತಿ ಭಾನು ಎತ್ತಿಕೊಂಡಳು.

"ನಮ್ ನಾದ್ನಿ ಚೆನ್ನಾಗವ್ರೆ ಸಿಸ್ಟರ್. ಕೆಲ್ಸಕ್ಕೂ ಓಯ್ತಾವ್ರೆ. ಆದ್ರ ಮಾತ್ರೆ ನುಂಗ್ತಾ ಇಲ್ಲ. ತಿಂಗ್ಳ ಮ್ಯಾಲಾಯ್ತು. ಡಬ್ಬೀಲಿ ಹಾಕಿ ದೇವ್ರ ಗೂಡಲ್ಲಿ ಇಟ್ಬುಟ್ಟವ್ರೆ."

"ಯಾಕಂತೆ?"

"ನನ್ ಮುಡಿ ಮಾದಪ್ಪ ಒಪ್ಪಿಸ್ಕಂಡವ್ನೆ, ಇನ್ನು ಮಾತ್ರೆ ನುಂಗುದ್ರ ಅವ್ನ ಮ್ಯಾಲ ಅಪನಂಬ್ಕ ಆಯ್ತದ ಅಂತಾರೆ. ಮೊನ್ನಯಿಂದ ನಿದ್ದ ಕಮ್ಮಿ ಆಗದ. ಒಬ್ಬೊಬ್ರೆ ಏನೋ ಆಲಿಸ್ಕಂಡು ನಿಂತ್ಬುಡ್ತಾರೆ." ಭಾನು ದನಿ ತಗ್ಗಿಸಿದಳು. "ಸಿಸ್ಟರ್, ಅರದು ಸಾರಿಗೆ ಹಾಕಿ ಕೊಟ್ಬುಡ್ಲಾ? ಅವ್ರಿಗೇನು ಗೊತ್ತಾಗಕ್ಕಿಲ್ಲ. ಒಳ್ಳೇದಕ್ಕೇ ಅಲ್ವಾ?"

ಆ ಮಾತಿನ ಮಿದುತನ, ಆ ಒಳ್ಳೇದಕ್ಕೇ ಅಲ್ವಾ, ಅದು ಭಾನುವಿನ ದನಿಯಲ್ಲ. ಅದು ಯಾರ ದನಿಯೆಂದು ಕುಮಾರಿಯಂಥ ಕಿವಿಗೆ ಹೇಳಿಕೊಡಬೇಕಾಗಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಬಾಳೆಹಣ್ಣಿನಲ್ಲಿ, ಕೇಸರಿಬಾತಿನಲ್ಲಿ, ಮಜ್ಜಿಗೆಯಲ್ಲಿ ಎಷ್ಟು ಮಾತ್ರೆ ಬಚ್ಚಿಟ್ಟಿದ್ದಳೋ ಅವಳಿಗೇ ಲೆಕ್ಕವಿಲ್ಲ.

"ಬ್ಯಾಡ," ಎಂದಳು. "ಹಂಗೆ ಮಾಡ್ಬ್ಯಾಡ ಕಣವ್ವ. ನಾನೇ ಬತ್ತೀನಿ. ಅವ್ರನ್ನ ಕೇಳಿ ನೋಡು, ನಾನು ಬರಬೋದಾ ಅಂತ."

ಅತ್ತ ಕಡೆ ಕೂಗಿ ಕೇಳಿದ್ದು, ಅದಕ್ಕೆ ಚಿಕ್ಕಮಲ್ಲಮ್ಮ ಖುಷಿಯಿಂದ "ಬರ್ಲಿ, ಬರ್ಲಿ, ಅಕ್ಕ ಬರ್ಲಿ!" ಎಂದದ್ದು ಫೋನಿನಲ್ಲೇ ಕೇಳಿಸಿತು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಮುಬಶ್ಶಿರಾಳಿಗೆ ಹೇಳದೆ ಇರಲಾಗಲಿಲ್ಲ. ಔಷಧಿ ಕೋಣೆಯಲ್ಲಿ ಬೀರುವಿಗೆ ಒರಗಿ ನಿಂತು ಹೇಳಿದಳು. ಆ ಹುಡುಗಿ ನಾನು ಅವತ್ತೇ ಹೇಳಿರಲಿಲ್ಲವಾ ಎನ್ನುತ್ತಾಳೆ ಎಂದು ಕಾದಳು. ಅವಳು ಹಾಗೆನ್ನಲಿಲ್ಲ.

"ನಾನೂ ಸುಮ್ನೆ ನಿಂತಿದ್ದೆ ಸಿಸ್ಟರ್. ಬರೆಯಲ್ಲ ಅಂದೆ, ಅಷ್ಟೆ. ಡಾಕ್ಟರ್ ಹತ್ರ ಹೋಗಿ ಹೇಳಬಹುದಿತ್ತು. ನೀವು ಬೇಜಾರು ಮಾಡ್ಕೋತೀರ ಅಂತ ಹೇಳಲಿಲ್ಲ."

"ಈಗೇನು ಮಾಡ್ಲಿ ಮುಬ್ಬಿ?"

"ನಿಜ ಹೇಳಿ. ದೂರು ಕೊಡೋ ಹಕ್ಕು ಅವರಿಗಿದೆ ಅನ್ನೋದನ್ನೂ ಹೇಳಿ. ಮೊದಲು ನಮ್ಮ ಮುಖ್ಯ ವೈದ್ಯರಿಗೆ. ಅವರು ಹೇಳಿದ್ದು ಸರಿಹೋಗದಿದ್ರೆ ಜಿಲ್ಲೆಯ ಪುನರ್ವಿಮರ್ಶಾ ಮಂಡಳಿಗೆ."

"ನನ್ನ ಮೇಲೆ ನಾನೇ ದೂರು ಕೊಡ್ಸು ಅಂತೀಯಾ?"

ಮುಬಶ್ಶಿರಾ ಸೂಜಿಗಳ ಡಬ್ಬಿ ಜೋಡಿಸುತ್ತ ನಿಂತಳು.

ಗುರುವಾರ ಕುಮಾರಿಯ ರಜೆ. ಬೆಳಿಗ್ಗೆ ಎಂಟರ ಗುಂಡ್ಲುಪೇಟೆ ಬಸ್ಸು ಹತ್ತಿ, ಆಧಾರ್ ತೋರಿಸಿ, ಸೊನ್ನೆ ಟಿಕೆಟ್ಟು ಕೈಯಲ್ಲಿ ಮುದುರಿಕೊಂಡು ಕುಳಿತಳು. ಬಸ್ಸಿನಲ್ಲಿ ಅವಳ ಪಕ್ಕ ಕೂತವರು ಇಳಿಯುವುದರೊಳಗೆ ನೆಂಟರಾಗುವುದು ವಾಡಿಕೆ. ಅವತ್ತು ಪಕ್ಕದಲ್ಲಿ ತೆರಕಣಾಂಬಿ ಮಾರುಕಟ್ಟೆಗೆ ಹೊರಟಿದ್ದ ಹೆಂಗಸು, "ಎಲ್ಗೆ ಅಕ್ಕ? ನೆಂಟ್ರ ಮನೆಗಾ?" ಎಂದರೆ ಕುಮಾರಿ "ಹೂಂ" ಎಂದು ಕಿಟಕಿಯ ಕಡೆ ತಿರುಗಿದಳು. ಹೇಳಬೇಕಾದ ಮಾತುಗಳನ್ನು ಒಳಗೇ ಜೋಡಿಸಿಕೊಳ್ಳುತ್ತಿದ್ದಳು. ಹೇಗೆ ಜೋಡಿಸಿದರೂ ಅವು ಚೆನ್ನಾಗಿಯೇ ಬರುತ್ತಿದ್ದವು. ಅತ್ತರೂ ಚೆನ್ನ, ನಗಿಸಿದರೂ ಚೆನ್ನ. ಅದೇ ಅವಳಿಗೆ ಹೇಸಿಗೆಯಾಯಿತು.

ರಾಜಣ್ಣನ ಮನೆ ಊರಂಚಿನ ಹೊಸ ಬಡಾವಣೆಯಲ್ಲಿ. ಬೀದಿಯ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಅಜ್ಜಿಯೊಬ್ಬಳು ಕುಮಾರಿಯನ್ನು ಮೇಲಿಂದ ಕೆಳಗೆ ಅಳೆದಳು.

"ಯಾರವ್ವ ನೀನು? ಯಾರ ಮನಗ?"

"ರಾಜಣ್ಣನ ಮನೆಗೆ ಅಜ್ಜಿ."

"ಎಲ್ಲಿಂದ ಬಂದೀಯ? ನಗರದಿಂದ್ಲಾ? ಆಸ್ಪತ್ರ ಕಡೇವ್ಳಾ? ಆ ಮಲ್ಲಿ ಆಸ್ಪತ್ರೇಲಿ ಇದ್ಲಂತಲ್ಲ?"

ಬೇರೆ ದಿನವಾಗಿದ್ದರೆ ಅಜ್ಜಿಯ ಕೊಡ ತುಂಬುವುದರೊಳಗೆ ಕುಮಾರಿ ಅರ್ಧ ಆಸ್ಪತ್ರೆಯ ಸುದ್ದಿ ತುಂಬಿಬಿಡುತ್ತಿದ್ದಳು. "ಪರಿಚಯದೋಳು ಅಜ್ಜಿ," ಎಂದಷ್ಟೇ ಹೇಳಿ ಮುಂದೆ ನಡೆದಳು. "ಬಾಯಲ್ಲಿ ಮುತ್ತು ಮಡಗವ್ಳೆ, ಉದುರ್ಬುಟ್ಟಾವು!" ಎಂದಳು ಅಜ್ಜಿ ಹಿಂದಿನಿಂದ.

ಚಿಕ್ಕಮಲ್ಲಮ್ಮ ಜಗುಲಿಯ ಮೇಲೆ ಕುಳಿತಿದ್ದಳು. ತಲೆಯ ಮೇಲೆ ಎರಡು ಬೆರಳಷ್ಟು ಕೂದಲು ಚಿಗುರಿತ್ತು. ಅದನ್ನು ಮುಚ್ಚಿರಲಿಲ್ಲ, ಮುಡಿ ಕೊಟ್ಟವರು ಮುಚ್ಚಿಕೊಳ್ಳುವುದಿಲ್ಲ. ಹಣೆಯ ತುಂಬ ವಿಭೂತಿ. ಕಣ್ಣಿನ ಕೆಳಗೆ ಕಪ್ಪು ಬಂದಿತ್ತು. ಕುಮಾರಿಯನ್ನು ಕಂಡು ಎದ್ದು ಓಡಿಬಂದು ಎರಡೂ ಕೈ ಹಿಡಿದುಕೊಂಡಳು.

"ಅಕ್ಕ ಬಂದ್ರಲ್ಲ! ಭಾನೂ, ನೀರು ತಕ್ಕಬಾ! ಇವ್ರೇ ಕಣಮ್ಮಿ, ನನ್ ಮುಡಿಯ ಬೆಟ್ಟ ಸೇರಿಸ್ದೋರು."

ಒಳಗೆ ಕೂರಿಸಿದಳು. ಭಾನು ನೀರು, ಬೆಲ್ಲ ತಂದಿಟ್ಟಳು. ಕುಮಾರಿ ಮುಟ್ಟಲಿಲ್ಲ. ದೇವರ ಗೂಡಿನಲ್ಲಿ ಮಾದಪ್ಪನ ಪಟದ ಪಕ್ಕ ಮಾತ್ರೆಯ ಡಬ್ಬಿ ಕಾಣಿಸುತ್ತಿತ್ತು. ಅದರ ಮೇಲೆ ಒಂದು ಚೆಂಡು ಹೂವು.

"ಮಲ್ಲಮ್ಮ, ಒಂದು ಮಾತು ಹೇಳಕ್ಕೆ ಬಂದಿದೀನಿ. ನಿಮ್ಮೊಬ್ರಿಗೇ ಹೇಳ್ಬೇಕು. ಭಾನು ಇರ್ಬೋದೋ ಬ್ಯಾಡ್ವೋ, ನೀವು ಹೇಳ್ದಂಗೆ."

"ಇರ್ಲಿ ಬುಡಿ. ನಮ್ಮವ್ಳೇ ಅಲ್ವಾ."

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಂದು ಮಾತೂ ಬರಲಿಲ್ಲ. ಬಂದದ್ದು ಮೊಂಡಾಗಿ ಬಂತು. "ನಿಮ್ಮ ಮುಡಿ ಬೆಟ್ಟಕ್ಕೆ ಹೋಗ್ಲಿಲ್ಲ. ಬೆಟ್ಟದಿಂದ ಯಾರೂ ಹೇಳಿ ಕಳಿಸಿರ್ಲಿಲ್ಲ. ನಮ್ಮ ವಾರ್ಡಿನ ಮಲ್ಲೇಶಂಗೆ ವಿಭೂತಿ ಬಳಿದು ನಿಲ್ಸಿದ್ದು ನಾನೇ. ಹೇನಾಗಿತ್ತು, ಅದಕ್ಕೆ ಬೋಳಿಸಿದ್ದು. ನೀವು ಒಪ್ಪಲ್ಲ ಅಂತ ನಾನು ಸುಳ್ಳು ಹೇಳ್ದೆ."

ಚಿಕ್ಕಮಲ್ಲಮ್ಮ ನಗುತ್ತಿದ್ದವಳು ನಗುತ್ತಲೇ ಇದ್ದಳು. ಮುಖಕ್ಕೆ ಇನ್ನೂ ಸುದ್ದಿ ತಲುಪಿರಲಿಲ್ಲ.

"ಮಾದೇಶ ಅನ್ನೋರ ಕೈಲಿ ಕಳಿಸಿದ್ರಿ ಅಮಾಸೆಲಿ."

"ಅದೂ ಸುಳ್ಳು."

"ಮತ್ತ ಎಲ್ಲೋಯ್ತು ನನ್ ಕೂದ್ಲು?"

"ಹಳದಿ ಚೀಲ ಅಂತ ಇರ್ತದೆ. ಆಸ್ಪತ್ರೆ ಕಸ ಹಾಕೋದು. ಅದನ್ನ ಗಾಡೀಲಿ ತಗಂಡೋಗಿ ಸುಟ್ಟಾಕ್ತಾರೆ."

"ಇನ್ನೇನು ಹಾಕ್ತಾರ ಅದ್ರಲ್ಲಿ?"

ಕುಮಾರಿ ನೆಲ ನೋಡಿದಳು.

"ಹೇಳಿ. ಕೇಳ್ತಾ ಇಲ್ವಾ?"

"ರಕ್ತದ ಹತ್ತಿ. ಗಾಯ ಒರೆಸಿದ ಬಟ್ಟೆ."

ಚಿಕ್ಕಮಲ್ಲಮ್ಮ ಸೆರಗಿಗೆ ಕೈ ಹಾಕಿದಳು. ನಿಧಾನವಾಗಿ ಅದನ್ನು ಎಳೆದು ತಲೆಯ ಮೇಲೆ ಹೊದ್ದು, ಕಿವಿಯ ಹಿಂದೆ ಸಿಕ್ಕಿಸಿ, ಚಿಗುರು ಕೂದಲು ಒಂದೂ ಕಾಣದಂತೆ ಮುಚ್ಚಿದಳು. ಎರಡು ತಿಂಗಳು ಬೀದಿಯಲ್ಲಿ, ಹೂವಿನ ತೋಟದಲ್ಲಿ, ಅಂಗಡಿಯಲ್ಲಿ ಎಲ್ಲರಿಗೂ ಬರಿದಲೆ ತೋರಿಸಿಕೊಂಡು ಓಡಾಡಿದವಳು. ಕುಮಾರಿಗೆ ಆ ಸೆರಗು ನೋಡಲಾಗಲಿಲ್ಲ. ಎದ್ದು ಅವಳ ಕಾಲು ಹಿಡಿಯೋಣ ಎನಿಸಿತು. ಹಿಡಿದರೆ ಅದೂ ಒಂದು ಆಟವೇ ಆಗುತ್ತದೆ ಎಂದೂ ಅನಿಸಿ ಕೂತಲ್ಲೇ ಕೂತಳು.

"ಯಾರ್ಯಾರಿಗ ಗೊತ್ತು ಇದು?"

ಇಲ್ಲಿ ನಿಲ್ಲಿಸಬಹುದಿತ್ತು. ಯಾರಿಗೂ ಇಲ್ಲ ಎಂದರೆ ಮುಗಿಯುತ್ತಿತ್ತು, ಯಾರೂ ಬಂದು ಸಾಕ್ಷಿ ಹೇಳುತ್ತಿರಲಿಲ್ಲ. ಬಾಯಿ ಆಗಲೇ ಅತ್ತ ವಾಲುತ್ತಿತ್ತು. ಕುಮಾರಿ ಅದನ್ನು ಹಿಡಿದು ಈಚೆಗೆ ಎಳೆದಳು.

"ಆಸ್ಪತ್ರೇಲಿ ಗೊತ್ತು. ಕ್ಯಾಂಟೀನಲ್ಲಿ ನಾನೇ ಹೇಳ್ದೆ. ಊರಲ್ಲಿ ಒಂದು ಮದ್ವೇಲೂ ಹೇಳ್ದೆ. ಹೆಸ್ರು ಹೇಳ್ಲಿಲ್ಲ. ನೀವು ಮಾತಾಡ್ದಂಗೆ ಆಡಿ ತೋರಿಸ್ದೆ."

"ನನ್ನಂಗ?"

"ಹೂಂ."

"ನಕ್ಕುದ್ರಾ?"

"ನಕ್ರು."

ಚಿಕ್ಕಮಲ್ಲಮ್ಮ ಮೊಣಕಾಲಿನ ಮೇಲೆ ಗಲ್ಲವಿಟ್ಟು ಅವಳನ್ನೇ ನೋಡಿದಳು. ಕೋಪದ ನೋಟವಲ್ಲ ಅದು. ಆಸ್ಪತ್ರೆಯಲ್ಲಿ ಮಲ್ಲೇಶನ ವಿಭೂತಿಯನ್ನು ನೋಡಿದ್ದಳಲ್ಲ, ಹಾಗೆ.

"ನಂಗೂ ತೋರ್ಸಿ."

"ಮಲ್ಲಮ್ಮ..."

"ತೋರ್ಸಿ ಅಂದೆ. ಅಷ್ಟು ಜನ ನೋಡವ್ರೆ. ನನ್ನ ನಾನೊಬ್ಳೇ ನೋಡಿಲ್ಲ. ಹೆಂಗ್ ಮಾತಾಡ್ತೀನಿ ನಾನು?"

ಕುಮಾರಿ ಬಾಯಿ ತೆರೆದಳು. ಪೂರ್ವ ಯಾವ ಕಡೆ ಎನ್ನುವ ಆ ಸಣ್ಣ ದನಿ ಗಂಟಲಲ್ಲೇ ಇತ್ತು, ಇನ್ನೊಂದು ಉಸಿರಿಗೆ ಹೊರಬರುವಷ್ಟು ಹತ್ತಿರ. ಬರಲಿಲ್ಲ. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಬಾಗಿಲಿಗೆ ಒರಗಿದ್ದ ಭಾನು ಮುಖ ಆ ಕಡೆ ತಿರುಗಿಸಿಕೊಂಡಳು. ಹೊರಗೆ ನಲ್ಲಿಯಲ್ಲಿ ನೀರು ನಿಂತು ಬರೀ ಗಾಳಿ ಬರುವ ಸದ್ದು. ಕೊನೆಗೆ ಚಿಕ್ಕಮಲ್ಲಮ್ಮನೇ "ಬುಡಿ" ಎಂದಳು.

ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು. "ಹೇನಾಗದ, ಬೋಳಿಸ್ಬೇಕು ಕಣವ್ವ ಅಂತ ಕೇಳಿದ್ರ ಕೊಡ್ತಿದ್ನೋ ಏನೋ. ಕೊಡ್ತಿರ್ನಿಲ್ವೋ ಏನೋ. ತಲ ಕೆಟ್ಟಿತ್ತು, ನಿಜ. ಆದ್ರೂ ಕೇಳ್ಬೇಕಾಗಿತ್ತು. ಏಳು ವರ್ಸ ಇಟ್ಕಂಡಿದ್ದೆ ಅದ."

"ನೀವು ದೂರು ಕೊಡಬೋದು," ಎಂದಳು ಕುಮಾರಿ. "ಅದು ನಿಮ್ಮ ಹಕ್ಕು. ನಮ್ಮ ದೊಡ್ಡ ಡಾಕ್ಟ್ರಿಗೆ ಬರೆದು ಕೊಡಬೋದು. ಅವ್ರು ಮಾಡಿದ್ದು ಸರಿ ಅನ್ನಿಸದಿದ್ರೆ ಮಂಡಳಿ ಅಂತ ಒಂದದೆ, ಅಲ್ಲಿಗೆ. ನೀವೇ ಕೇಳಿ ಬೋಳಿಸ್ಕಂಡ್ರಿ ಅಂತ ಕಡತದಲ್ಲಿ ನಾನು ಬರ್ದಿದೀನಿ. ಅದನ್ನ ಅಳಿಸೋ ಹಂಗಿಲ್ಲ, ಆದ್ರೆ ಒಂದು ಗೆರೆ ಎಳೆದು, ಕೆಳಗೆ ನಡೆದದ್ದು ಬರೆದು ಸಹಿ ಹಾಕ್ತೀನಿ. ನೀವು ದೂರು ಕೊಟ್ರೂ ಹಾಕ್ತೀನಿ, ಕೊಡದಿದ್ರೂ ಹಾಕ್ತೀನಿ."

"ನಾನು ಕೇಳ್ದೆ ಅಂತ ಬರ್ದಿದೀರಾ?" ಚಿಕ್ಕಮಲ್ಲಮ್ಮನಿಗೆ ಎಲ್ಲಕ್ಕಿಂತ ಇದೇ ತಟ್ಟಿದಂತಿತ್ತು. "ಭಾನೂ, ಹಾಳೆ ಪೆನ್ನು ತಕ್ಕಬಾ. ನಂಗ ಹೆಸ್ರು ಬಿಟ್ರ ಬರಿಯಕ್ಕ ಬರಕ್ಕಿಲ್ಲ. ಬರ್ಕೊಡಿ ನರ್ಸಮ್ಮ. ನಾನು ಹೇಳ್ತೀನಿ, ನೀವೇ ಬರೀರಿ."

ಅಕ್ಕ ಹೋಗಿ ನರ್ಸಮ್ಮ ಬಂದದ್ದು ಕುಮಾರಿಗೆ ಕೇಳಿಸಿತು. ಭಾನು ತಂದ ಹಳೆಯ ನೋಟ್ ಪುಸ್ತಕದ ಹಾಳೆಯನ್ನು ಮಣೆಯ ಮೇಲಿಟ್ಟುಕೊಂಡು ಅವಳು ಬರೆಯತೊಡಗಿದಳು. ಚಿಕ್ಕಮಲ್ಲಮ್ಮ ತಡೆತಡೆದು ಹೇಳಿದಳು. ನಡುವೆ ಎರಡು ಸಲ ಮೂಲೆಯ ಕಡೆ ಕಿವಿಗೊಟ್ಟು ಯಾವುದನ್ನೋ ಆಲಿಸಿದಳು, ತಲೆ ಕೊಡವಿ ಮತ್ತೆ ಮಾತಿಗೆ ಬಂದಳು. ಕುಮಾರಿ ಕಾದಳು. ಮಾತು ತುಂಬಿಕೊಡಲಿಲ್ಲ.

"ಓದಿ."

ಕುಮಾರಿ ಓದಿದಳು. "...ಕುಮಾರಿ ಎಂಬ ನರ್ಸು ಒಳ್ಳೆಯ ಉದ್ದೇಶದಿಂದ ನನಗೆ ಸುಳ್ಳು ಹೇಳಿ..."

"ನಾನು ಹಂಗಂದ್ನಾ?"

"ಏನು?"

"ಒಳ್ಳೆ ಉದ್ದೇಸ ಅಂತ. ನಾನು ಅಂದ್ನಾ?"

ಕುಮಾರಿ ಹಾಳೆ ನೋಡಿದಳು. ಆ ಮಾತನ್ನು ಬರೆದದ್ದು ಅವಳಿಗೇ ಗೊತ್ತಿರಲಿಲ್ಲ. ಕೈ ತಾನಾಗಿಯೇ ಬರೆದಿತ್ತು.

"ಇಲ್ಲ."

"ತಗೀರಿ ಅದ."

ಒಂದು ಗೆರೆ ಎಳೆದಳು. ಮತ್ತೆ ಮೊದಲಿನಿಂದ ಓದಿಸಿಕೊಂಡು, ಇನ್ನೆಲ್ಲಿಯೂ ತಾನು ಹೇಳದ ಮಾತಿಲ್ಲ ಎಂದು ಭಾನುವಿನಿಂದಲೂ ಒಂದು ಸಲ ಓದಿಸಿ ಖಾತ್ರಿ ಮಾಡಿಕೊಂಡು, ಚಿಕ್ಕಮಲ್ಲಮ್ಮ ಕೆಳಗೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೂಡಿಸಿ ಬರೆದಳು. ಕುಮಾರಿ ಹಾಳೆಗೆ ಕೈ ಚಾಚಿದಳು.

"ನಿಮ್ ಕೈಲಿ ಕೊಡಕ್ಕಿಲ್ಲ," ಎಂದಳು ಚಿಕ್ಕಮಲ್ಲಮ್ಮ. ಹಾಳೆಯನ್ನು ನಾಲ್ಕಾಗಿ ಮಡಚಿ ಎದ್ದು ಹೋಗಿ ದೇವರ ಗೂಡಿನಲ್ಲಿ ಮಾತ್ರೆಯ ಡಬ್ಬಿಯ ಕೆಳಗೆ ಇಟ್ಟಳು. "ಸೋಮ್ವಾರ ಅಣ್ಣನ ಜೊತ ನಾನೇ ತತ್ತೀನಿ."

"ಮಾತ್ರೆ..." ಎಂದಳು ಕುಮಾರಿ. ಅಷ್ಟು ಹೇಳುವ ಹಕ್ಕೂ ತನಗೆ ಉಳಿದಿದೆಯೋ ಇಲ್ಲವೋ ತಿಳಿಯದೆ ನಿಂತಳು.

"ಅದ ಡಾಕ್ಟ್ರ ಬಾಯಿಂದ ಕೇಳ್ತೀನಿ, ಅವತ್ತೇಯ. ಮಾದಪ್ಪ ಏನೂ ಒಪ್ಪಿಸ್ಕಂಡಿಲ್ಲ ಅಂದ್ಮೇಲ ಗದ್ದಲ ನಿಲ್ಸಿದ್ದು ಯಾರೋ ನೋಡ್ಬೇಕಲ್ಲ. ನಿಮ್ಮ ಬಾಯಿಂದ ಬ್ಯಾಡ."

ಕುಮಾರಿ ಚಪ್ಪಲಿ ಮೆಟ್ಟಿಕೊಂಡಳು. ಬೆಲ್ಲ, ನೀರು ಇಟ್ಟಲ್ಲೇ ಇದ್ದವು. ಬೀದಿಗೆ ಇಳಿಯುವಾಗ ನಲ್ಲಿಯ ಅಜ್ಜಿ ಇನ್ನೂ ಕೊಡದ ಮೇಲೆ ಕೈಯಿಟ್ಟು ಕಾದಿದ್ದಳು. ಅವಳ ಜೊತೆಗೆ ಇನ್ನೂ ಇಬ್ಬರು ಸೇರಿದ್ದರು.

"ಮಲ್ಲೀ, ಯಾರಮ್ಮಿ ಅದು? ಕೇಳುದ್ರ ಬಾಯೇ ಬುಡಾಕಿಲ್ಲ ಆವಮ್ಮ!"

ಕುಮಾರಿ ತಲೆ ತಗ್ಗಿಸಿ ಬೇಗ ಬೇಗ ಹೆಜ್ಜೆ ಹಾಕಿದಳು. ಅದನ್ನು ಹೇಳುವುದೂ ಬಿಡುವುದೂ ತನ್ನದಲ್ಲ. ಹಿಂದೆ ಬಾಗಿಲಲ್ಲಿ ಚಿಕ್ಕಮಲ್ಲಮ್ಮ ನಿಂತಿರಬೇಕು. ಅವಳ ದನಿ ಬೀದಿಯ ಈ ತುದಿಯವರೆಗೂ ಬಂತು, ಸಣ್ಣ ದನಿಯಲ್ಲ, ಹೂವಿನ ತೋಟದಲ್ಲಿ ಸಾಲಿನಿಂದ ಸಾಲಿಗೆ ಕೂಗಿ ಕರೆಯುವವರ ದನಿ.

"ಆಸ್ಪತ್ರೆ ನರ್ಸಮ್ಮ ಕಣಜ್ಜಿ! ನನ್ ಕೇಳ್ದೆ ನನ್ ತಲ ಬೋಳ್ಸಿದ್ರು. ಅದ ಹೇಳಕ್ಕ ಬಂದಿದ್ರು!"

ಕುಮಾರಿ ತಿರುಗಿ ನೋಡಲಿಲ್ಲ. ಆ ದನಿಯನ್ನು ಅವಳು ಹಿಂದೆ ಒಮ್ಮೆಯೂ ಕೇಳಿರಲಿಲ್ಲ. ಬಸ್ ನಿಲ್ದಾಣಕ್ಕೆ ಇನ್ನೂ ಅರ್ಧ ಮೈಲಿ ಇತ್ತು. ಮನೆಮನೆಯ ಬಾಗಿಲಿಗೂ ಒಬ್ಬೊಬ್ಬರು ಬಂದು ನಿಂತು ಅವಳನ್ನು ನೋಡಿದರು.